ಮೆಟ್ಟಿಲು ಮೆಟ್ಟಿಲಾಗಿ ಏರಿದ ಸಾಧಕ: ಖ್ವಾಜಾ ಬಂದೇ ನವಾಝ್(ರಹ್)



ರಮಝಾನ್ ತಿಂಗಳ ಇಪ್ಪತ್ತನೆಯ ಉಪವಾಸದ ಸಂಜೆ, ಸೂರ್ಯ ಮುಳುಗುವ ಮೊದಲು, ಹಾಸಿಗೆ ಸುತ್ತಿಕೊಂಡು ಮಸೀದಿಯತ್ತ ನಡೆಯುವವರನ್ನು ನೀವು ಕಂಡಿರುತ್ತೀರಿ. ಬಹುಶಃ ನೀವೇ ಹಾಗೆ ಹೊರಟಿರಬಹುದು. ಚನ್ನಗಿರಿಯಿರಲಿ, ಹೊನ್ನಾಳಿಯಿರಲಿ, ನ್ಯಾಮತಿ, ಜಗಳೂರುಗಳಿರಲಿ, ಇಅತಿಕಾಫ್ ಕುಳಿತುಕೊಳ್ಳುವವರ ಉತ್ಸಾಹ ಎಲ್ಲೆಡೆ ಒಂದೇ. ಮಸೀದಿಯ ಒಂದು ಮೂಲೆಗೆ ಬಟ್ಟೆಯ ಪರದೆ ಕಟ್ಟುತ್ತಾರೆ. ಕುರ್‌ಆನ್, ತಸ್ಬೀಹ್, ಒಂದು ಚೊಂಬು ನೀರು, ಅಷ್ಟೇ ಸಾಮಾನು. ಇನ್ನು ಹತ್ತು ದಿನ ಲೋಕದ ಗೊಡವೆಯಿಲ್ಲ.

ಮೊದಲನೆಯ ರಾತ್ರಿ ಕಣ್ಣು ಮುಚ್ಚುವುದಿಲ್ಲ. ತರಾವೀಹ್ ಮುಗಿದ ಮೇಲೆ ಓದು, ಓದು ಮುಗಿದರೆ ಝಿಕ್ರ್, ಝಿಕ್ರ್ ಮುಗಿದರೆ ತಹಜ್ಜುದ್. ಎರಡನೆಯ ರಾತ್ರಿಯೂ ಹಾಗೆಯೇ. ಮೂರನೆಯ ದಿನ ತಲೆಭಾರ. ನಾಲ್ಕನೆಯ ದಿನ ಫಝ್ರ್ ನಮಾಝಿನ ನಂತರ ಮಲಗಿದವರು ಝುಹ್ರ್ ಅಝಾನಿಗೆ ಏಳುತ್ತಾರೆ. ಐದನೆಯ ದಿನ ಫ್ಯಾನಿನ ಗಾಳಿ ಯಾರ ಕಡೆ ಬರಬೇಕೆಂದು ಪಕ್ಕದವರೊಂದಿಗೆ ಮಾತಿಗೆ ಮಾತು ಬೆಳೆಯುತ್ತದೆ. ಹಬ್ಬ ಕಳೆದು ಹದಿನೈದು ದಿನಕ್ಕೆ ತಹಜ್ಜುದ್ ಇಲ್ಲ, ಓದು ಇಲ್ಲ, ಫಝ್ರಿನ ಜಮಾಅತ್ ಕೂಡ ತಪ್ಪುತ್ತದೆ. ಆಗ ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಮೂಡುತ್ತದೆ. ಇದೆಲ್ಲ ನನ್ನಂಥವನಿಗಲ್ಲ, ದೊಡ್ಡವರಿಗೆ ಮಾತ್ರ ಎಂದು. ಅಲ್ಲಾಹನ ಕಡೆಗೆ ನಡೆಯಲು ಹೊರಟವನನ್ನು ಹಿಂದಕ್ಕೆ ಕಳುಹಿಸಲು ಶೈತಾನನಿಗೆ ಇಷ್ಟು ಸಾಕು.

ತಪ್ಪು ಎಲ್ಲಾಯಿತು? ಉತ್ಸಾಹದಲ್ಲಿ ತಪ್ಪಿಲ್ಲ. ಉದ್ದೇಶದಲ್ಲಿಯೂ ತಪ್ಪಿಲ್ಲ. ತಪ್ಪಿದ್ದು ನಡಿಗೆಯ ವೇಗದಲ್ಲಿ. ಇದನ್ನು ಅರಿಯಲು ನೀವು ದೂರ ಹೋಗಬೇಕಾಗಿಲ್ಲ. ನಮ್ಮದೇ ನಾಡಿನ ಕಲಬುರಗಿಯಲ್ಲಿ ಚಿರನಿದ್ರೆಯಲ್ಲಿರುವ ಒಬ್ಬ ಮಹಾಪುರುಷರ ಬದುಕನ್ನು ನೋಡಿದರೆ ಸಾಕು. ಜನ ಅವರನ್ನು ಖ್ವಾಜಾ ಬಂದೇ ನವಾಝ್ ಗೇಸೂದರಾಝ್(ರಹ್) ಎಂದು ಕರೆಯುತ್ತಾರೆ. ಅವರ ಗೋರಿಯ ಗುಮ್ಮಟವನ್ನು ಬಲ್ಲವರು ಲಕ್ಷಾಂತರ. ಅವರು ನಡೆದ ದಾರಿಯನ್ನು ಬಲ್ಲವರು ಕೆಲವರೇ.

ಅನಾಥ ಬಾಲಕ

ಅವರ ನಿಜ ಹೆಸರು ಸಯ್ಯಿದ್ ಮುಹಮ್ಮದ್ ಹುಸೈನಿ. 1321ರಲ್ಲಿ, ಹಿಜರಿ 721ರ ರಜಬ್ ತಿಂಗಳಲ್ಲಿ, ದೆಹಲಿಯಲ್ಲಿ ಹುಟ್ಟಿದರು. ತಂದೆ ಸಯ್ಯಿದ್ ಯೂಸುಫ್ ಹುಸೈನಿ ಧರ್ಮನಿಷ್ಠರು. ದೆಹಲಿಯ ಪ್ರಸಿದ್ಧ ಸಂತ ಖ್ವಾಜಾ ನಿಝಾಮುದ್ದೀನ್ ಔಲಿಯಾ(ರಹ್)ರ ಬಳಗಕ್ಕೆ ಸೇರಿದವರು. ಸುಲ್ತಾನ್ ಮುಹಮ್ಮದ್ ಬಿನ್ ತುಘಲಕ್ 1327ರ ಸುಮಾರಿಗೆ ದೌಲತಾಬಾದನ್ನು ರಾಜಧಾನಿಯಾಗಿ ಮಾಡಿ, ದೆಹಲಿಯ ಉಲಮಾಗಳನ್ನೂ ಗಣ್ಯರನ್ನೂ ದಕ್ಷಿಣಕ್ಕೆ ಕಳುಹಿಸಿದುದನ್ನು ನೀವು ಶಾಲೆಯ ಇತಿಹಾಸದಲ್ಲಿ ಓದಿರುವಿರಿ. ಹಾಗೆ ಬಂದವರಲ್ಲಿ ಈ ಕುಟುಂಬವೂ ಒಂದು. ಬಾಲಕ ಮುಹಮ್ಮದ್ ದೌಲತಾಬಾದಿನಲ್ಲಿ ಅಕ್ಷರ ಕಲಿತರು, ಕುರ್‌ಆನ್ ಓದಿದರು. ಹತ್ತು ವರ್ಷ ತುಂಬುವ ಹೊತ್ತಿಗೆ, 1331ರಲ್ಲಿ, ತಂದೆ ತೀರಿಕೊಂಡರು. ಅವರ ಸಮಾಧಿ ದೌಲತಾಬಾದಿನ ಹತ್ತಿರದ ಖುಲ್ದಾಬಾದಿನಲ್ಲಿದೆ.

ತಂದೆಯಿಲ್ಲದ ಮಕ್ಕಳನ್ನು ಕರೆದುಕೊಂಡು ತಾಯಿ 1335ರ ಸುಮಾರಿಗೆ ಮತ್ತೆ ದೆಹಲಿಗೆ ಮರಳಿದರು. ಆಗ ಮುಹಮ್ಮದರಿಗೆ ಹದಿನೈದರ ಆಸುಪಾಸು. ತಂದೆಯ ಬಾಯಲ್ಲಿ ಕೇಳಿದ್ದ ಸಜ್ಜನರ ಕಥೆಗಳು ಮನಸ್ಸಿನಲ್ಲಿ ಉಳಿದಿದ್ದವು. ಖ್ವಾಜಾ ನಿಝಾಮುದ್ದೀನರು 1325ರಲ್ಲೇ ಇಹಲೋಕ ತ್ಯಜಿಸಿದ್ದರು. ಅವರ ಸ್ಥಾನದಲ್ಲಿ ಶೈಖ್ ನಸೀರುದ್ದೀನ್ ಮಹ್‌ಮೂದ್(ರಹ್) ಇದ್ದರು. ದೆಹಲಿಯ ದೀಪ ಎಂಬ ಅರ್ಥದಲ್ಲಿ ಚಿರಾಗ್ ದೆಹಲವಿ ಎಂದು ಜನ ಅವರನ್ನು ಕರೆದರು. ತರುಣ ಮುಹಮ್ಮದರು ತಮ್ಮ ಸಹೋದರನೊಂದಿಗೆ ಹೋಗಿ ಅವರ ಶಿಷ್ಯತ್ವ ಸ್ವೀಕರಿಸಿದರು.

ಗುರುಗಳು ಕೇಳಿದ ಒಂದು ಸಣ್ಣ ಪ್ರಶ್ನೆ

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿರಿ. ಹದಿನೈದು ವರ್ಷದ ಹುಡುಗ, ಮೈಯೆಲ್ಲ ಹುರುಪು, ಇಂದೇ ಎಲ್ಲವನ್ನೂ ಸಾಧಿಸಬೇಕೆಂಬ ಹಂಬಲ. ಇಂಥವನಿಗೆ ಗುರು ಏನು ಹೇಳಬಹುದು? ನಲವತ್ತು ದಿನ ಕತ್ತಲೆ ಕೋಣೆಯಲ್ಲಿ ಕುಳಿತುಕೋ ಎಂದು ಹೇಳಬಹುದಿತ್ತು. ರಾತ್ರಿಯಿಡೀ ನಿಂತು ನಮಾಝ್ ಮಾಡು ಎನ್ನಬಹುದಿತ್ತು. ಶೈಖ್ ನಸೀರುದ್ದೀನರು ಅಂಥದ್ದೇನನ್ನೂ ಹೇಳಲಿಲ್ಲ.

ಅವರ ಜೀವನಚರಿತ್ರೆ ಬರೆದವರು ತಿಳಿಸುವಂತೆ, ಗುರುಗಳು ಮೊದಲು ಕೇಳಿದ್ದು ಬಹಳ ಸಣ್ಣ ವಿಷಯ. ಫಝ್ರ್ ನಮಾಝಿಗೆ ಮಾಡಿದ ವುಝೂ ಸೂರ್ಯ ಹುಟ್ಟುವವರೆಗೆ ಉಳಿದಿರುತ್ತದೆಯೇ ಎಂದು ವಿಚಾರಿಸಿದರು. ಉಳಿದಿರುತ್ತದೆ ಎಂದು ಶಿಷ್ಯ ಉತ್ತರಿಸಿದಾಗ, ಅದೇ ವುಝೂವಿನಲ್ಲಿ ಎರಡು ರಕಅತ್ ಇಶ್ರಾಕ್ ನಮಾಝ್ ಮಾಡಿದರೆ ಒಳ್ಳೆಯದಲ್ಲವೇ ಎಂದು ಸೂಚಿಸಿದರು. ಅಷ್ಟೇ. ಹುಡುಗ ಒಪ್ಪಿ ಮನೆಗೆ ಹೋದ.

ಕೆಲವು ದಿನ ಕಳೆದ ಮೇಲೆ, ಇಶ್ರಾಕ್ ನಡೆಯುತ್ತಿದೆಯೇ ಎಂದು ಗುರುಗಳು ಮತ್ತೆ ವಿಚಾರಿಸಿದರು. ನಡೆಯುತ್ತಿದೆ ಎಂದು ತಿಳಿದ ಮೇಲೆ ಅದರ ಜೊತೆಗೆ ಚಾಶ್ತ್ ನಮಾಝನ್ನು ಸೇರಿಸಲು ಹೇಳಿದರು. ಅದೂ ರೂಢಿಯಾಯಿತು. ರಜಬ್ ತಿಂಗಳು ಬಂದಾಗ ಉಪವಾಸದ ವಿಚಾರ ಬಂತು. ರಜಬಿನಲ್ಲಿ ಉಪವಾಸ ಇರುತ್ತೀಯಾ, ಶಅಬಾನಿನಲ್ಲಿ ಎಷ್ಟು ದಿನ ಇರುತ್ತೀಯಾ ಎಂದು ಕೇಳಿ, ಶಿಷ್ಯ ಈಗಾಗಲೇ ಮಾಡುತ್ತಿದ್ದುದಕ್ಕೆ ಇನ್ನಷ್ಟು ದಿನಗಳನ್ನು ಕೂಡಿಸಿದರು. ಹೀಗೆ ಒಂದರ ಮೇಲೊಂದು ಇಟ್ಟಿಗೆ ಇಟ್ಟಂತೆ ಕಟ್ಟಡ ಮೇಲೇರಿತು.

ಈ ಕ್ರಮದ ಜಾಣ್ಮೆಯನ್ನು ಗಮನಿಸಿರಿ. ಗುರುಗಳು ಪ್ರತಿಯೊಂದು ಸಲವೂ ಮೊದಲು ಕೇಳಿದ್ದು ಶಿಷ್ಯ ಈಗಾಗಲೇ ಏನನ್ನು ಮಾಡುತ್ತಿದ್ದಾನೆಂದು. ಇರುವುದರ ಮೇಲೆ ಸ್ವಲ್ಪ ಸೇರಿಸಿದರು. ಸೇರಿಸಿದ್ದು ನೆಲೆಯಾಯಿತೇ ಎಂದು ಪರೀಕ್ಷಿಸಿದರು. ನೆಲೆಯಾದ ಮೇಲೆಯೇ ಮುಂದಿನದನ್ನು ಹೇಳಿದರು. ನಾವಾದರೋ ಇದಕ್ಕೆ ತಿರುಗಾಮುರುಗಾ ಮಾಡುತ್ತೇವೆ. ಏನೂ ಇಲ್ಲದ ಜಾಗದಲ್ಲಿ ಒಂದೇ ರಾತ್ರಿ ಎಲ್ಲವನ್ನೂ ಕಟ್ಟಲು ಹೊರಡುತ್ತೇವೆ. ಬೆಳಿಗ್ಗೆಯೊಳಗೆ ಗೋಡೆ ಬೀಳುತ್ತದೆ.

ಓದನ್ನು ಬಿಡಲು ಅನುಮತಿ ಸಿಗಲಿಲ್ಲ

ಆರಾಧನೆಯ ರುಚಿ ಹತ್ತಿದ ಮೇಲೆ ತರುಣ ಮುಹಮ್ಮದರಿಗೆ ಮದ್ರಸದ ಓದು ಬೇಸರವಾಗತೊಡಗಿತು. ಪುಸ್ತಕಗಳನ್ನು ಬದಿಗಿಟ್ಟು ಪೂರ್ತಿಯಾಗಿ ಝಿಕ್ರ್ ಮತ್ತು ಮುರಾಕಬದಲ್ಲಿ, ಅಂದರೆ ಅಲ್ಲಾಹನು ತನ್ನನ್ನು ನೋಡುತ್ತಿದ್ದಾನೆಂಬ ಪ್ರಜ್ಞೆಯಿಂದ ಮೌನವಾಗಿ ಕುಳಿತುಕೊಳ್ಳುವ ಸಾಧನೆಯಲ್ಲಿ, ತೊಡಗಬೇಕೆಂದು ಅವರು ಬಯಸಿದರು. ಗುರುಗಳು ಒಪ್ಪಲಿಲ್ಲ. ಓದಬೇಕಾದ ಗ್ರಂಥಗಳನ್ನು ಸೂಚಿಸಿ, ಅವನ್ನು ಗಮನವಿಟ್ಟು ಮುಗಿಸಬೇಕೆಂದು ಹೇಳಿದರು. ಶಿಷ್ಯ ತಲೆಬಾಗಿದರು. ಖಾಝಿ ಅಬ್ದುಲ್ ಮುಕ್ತದಿರ್ ಮೊದಲಾದ ವಿದ್ವಾಂಸರ ಬಳಿ ಕಲಿತು, ಹತ್ತೊಂಬತ್ತರ ಸುಮಾರಿಗೆ ಶಿಕ್ಷಣ ಪೂರ್ಣಗೊಳಿಸಿದರು.

ಇಂದು ನಮ್ಮ ಕೆಲವು ಯುವಕರು ಕಾಲೇಜಿನ ಓದನ್ನೋ ಅಂಗಡಿಯ ಕೆಲಸವನ್ನೋ ಅರ್ಧಕ್ಕೆ ಬಿಟ್ಟು, ಇನ್ನು ಧರ್ಮದಲ್ಲೇ ಮುಳುಗುತ್ತೇನೆ ಎಂದು ಹೊರಡುವುದುಂಟು. ಆರು ತಿಂಗಳಲ್ಲಿ ಎರಡೂ ಕೈತಪ್ಪುತ್ತವೆ. ಜವಾಬ್ದಾರಿಯಿಂದ ತಪ್ಪಿಸಿಕೊಳ್ಳಲು ಆರಾಧನೆಯನ್ನು ನೆಪವಾಗಿಸಿಕೊಂಡರೆ ಆ ಆರಾಧನೆಗೆ ಬೇರಿರುವುದಿಲ್ಲ. ಬಂದೇ ನವಾಝರು ಮುಂದೆ ದೊಡ್ಡ ಗ್ರಂಥಕರ್ತರಾದುದು, ಆ ದಿನ ಗುರುಗಳು ಅನುಮತಿ ಕೊಡದೆ ಇದ್ದುದರಿಂದಲೇ ಎಂಬುದನ್ನು ಮರೆಯಬಾರದು.

ಗುರುವಿಗೂ ಒಬ್ಬ ಗುರು ತಡೆದಿದ್ದರು

ಶೈಖ್ ನಸೀರುದ್ದೀನರಿಗೆ ಈ ತಾಳ್ಮೆ ಎಲ್ಲಿಂದ ಬಂತು? ತಮ್ಮ ಯೌವನದಲ್ಲಿ ಅವರೂ ಇದೇ ಪರೀಕ್ಷೆಯನ್ನು ಎದುರಿಸಿದ್ದರು. ಅವರು ಅವಧ್ ಪ್ರಾಂತದವರು. ಕಠಿಣ ಉಪವಾಸ, ಏಕಾಂತಗಳಲ್ಲಿ ಬಹುಕಾಲ ಕಳೆದು, ನಲವತ್ತು ದಾಟಿದ ಮೇಲೆ ಖ್ವಾಜಾ ನಿಝಾಮುದ್ದೀನರ ಬಳಿ ಬಂದರು. ಊರಿನಲ್ಲಿ ಜನರ ಓಡಾಟದಿಂದ ತಮ್ಮ ಧ್ಯಾನಕ್ಕೆ ಅಡ್ಡಿಯಾಗುತ್ತಿದೆ, ಕಾಡಿಗೋ ಬೆಟ್ಟಕ್ಕೋ ಹೋಗಿ ಆರಾಧನೆ ಮಾಡಲು ಅನುಮತಿ ಬೇಕೆಂದು, ಕವಿ ಅಮೀರ್ ಖುಸ್ರೋ ಅವರ ಮೂಲಕ ಅರಿಕೆ ಮಾಡಿಕೊಂಡರು. ಖ್ವಾಜಾ ನಿಝಾಮುದ್ದೀನರು ಅದನ್ನು ನಿರಾಕರಿಸಿದರು. ಜನರ ನಡುವೆಯೇ ಇರಬೇಕು, ಅವರ ಒರಟುತನವನ್ನು ಸಹಿಸಬೇಕು, ಅದಕ್ಕೆ ಪ್ರತಿಯಾಗಿ ಔದಾರ್ಯವನ್ನೇ ತೋರಬೇಕು ಎಂಬುದು ಅವರ ಆದೇಶವಾಗಿತ್ತು.

ಆ ಆದೇಶದ ಫಲ ಏನಾಯಿತೆಂಬುದಕ್ಕೆ ಒಂದು ಘಟನೆಯಿದೆ. ಶೈಖ್ ನಸೀರುದ್ದೀನರು ವೃದ್ಧರಾಗಿದ್ದಾಗ ಒಂದು ದಿನ ತಮ್ಮ ಕೊಠಡಿಯಲ್ಲಿ ಒಬ್ಬರೇ ಧ್ಯಾನದಲ್ಲಿದ್ದರು. ತುರಾಬ್ ಎಂಬ ಖಲಂದರನೊಬ್ಬ ಒಳನುಗ್ಗಿ ಚೂರಿಯಿಂದ ಹಲವು ಬಾರಿ ಇರಿದ. ರಕ್ತ ಹೊರಗೆ ಹರಿಯುವುದನ್ನು ಕಂಡು ಶಿಷ್ಯರು ಓಡಿ ಬಂದರು. ಅವನನ್ನು ಹಿಡಿದು ಶಿಕ್ಷಿಸಲು ಹೊರಟಾಗ ಶೈಖರು ತಡೆದರು. ಅವನಿಗೆ ತೊಂದರೆ ಕೊಡಬಾರದೆಂದು ಮಾತು ತೆಗೆದುಕೊಂಡು, ಹಣವನ್ನೂ ಕೊಟ್ಟು ಕಳುಹಿಸಿದರು.

ಓದುಗರೇ, ಏಕಾಂತದ ಸಾಧನೆ ಫಲಿಸಿದೆಯೇ ಇಲ್ಲವೇ ಎಂದು ಅಳೆಯುವ ಕೋಲು ಇದು. ಎಷ್ಟು ಗಂಟೆ ಕುಳಿತೆವು ಎಂಬುದರಲ್ಲಿ ಉತ್ತರವಿಲ್ಲ. ಪರದೆಯಾಚೆ ಬಂದ ಮೇಲೆ, ಯಾರಾದರೂ ನಮ್ಮನ್ನು ನೋಯಿಸಿದಾಗ, ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದರಲ್ಲಿ ಉತ್ತರವಿದೆ. ಇಅತಿಕಾಫಿನಲ್ಲಿ ಫ್ಯಾನಿಗಾಗಿ ಜಗಳವಾಡಿದವನು ಇದನ್ನು ನೆನೆದರೆ ನಾಚುವನು.

ಏಕಾಂತ, ಕಾಯಿಲೆ, ಹೊಣೆ

ಹೀಗೆ ಹದವಾದ ನೆಲದಲ್ಲಿ ನಿಂತ ಮೇಲೆಯೇ ಸಯ್ಯಿದ್ ಮುಹಮ್ಮದರು ದೀರ್ಘ ಏಕಾಂತಕ್ಕೆ ಇಳಿದರು. ದೆಹಲಿಯ ಗದ್ದಲದಿಂದ ದೂರದ ಕೊಠಡಿಯಲ್ಲಿ ವರ್ಷಗಟ್ಟಲೆ ಸಾಧನೆ ಮಾಡಿದರು. ಆದರೆ ಗುರುಗಳ ಬಳಿ ಬಂದು ಹೋಗುವುದನ್ನು ಬಿಡಲಿಲ್ಲ. ತಮ್ಮ ಅನುಭವಗಳನ್ನು ಬಚ್ಚಿಡದೆ ಅವರ ಮುಂದಿಟ್ಟರು. ಏಕಾಂತವೆಂದರೆ ಹೇಳುವವರು ಕೇಳುವವರಿಲ್ಲದ ಸ್ವೇಚ್ಛೆಯೆಂದು ಅವರು ಭಾವಿಸಲಿಲ್ಲ.

ಅವರಿಗೆ ಗೇಸೂದರಾಝ್, ಅಂದರೆ ನೀಳಗೂದಲಿನವರು, ಎಂಬ ಹೆಸರು ಬಂದ ಬಗ್ಗೆ ಒಂದು ಕಥೆ ಪ್ರಚಲಿತವಿದೆ. ಗುರುಗಳ ಪಲ್ಲಕ್ಕಿಗೆ ಹೆಗಲು ಕೊಟ್ಟಾಗ ಅವರ ಉದ್ದ ಕೂದಲು ಅದರಲ್ಲಿ ಸಿಕ್ಕಿಕೊಂಡಿತಂತೆ. ಪಲ್ಲಕ್ಕಿ ನಿಲ್ಲಿಸಿದರೆ ಗುರುಗಳಿಗೆ ತೊಂದರೆಯೆಂದು ನೋವು ಸಹಿಸಿ ದೂರದವರೆಗೆ ನಡೆದರಂತೆ.

1356ರಲ್ಲಿ ದೆಹಲಿಯಲ್ಲಿ ಸಾಂಕ್ರಾಮಿಕ ರೋಗ ಹರಡಿತು. ಸಯ್ಯಿದ್ ಮುಹಮ್ಮದರೂ ಕಾಯಿಲೆ ಬಿದ್ದು ಸಾವಿನ ಅಂಚಿಗೆ ಹೋದರು. ಆಗ ಗುರುಗಳು ಅವರ ಚಿಕಿತ್ಸೆ ಮತ್ತು ಆರೈಕೆಗಾಗಿ ತಾವೇ ಕಾಳಜಿ ವಹಿಸಿದರು. ಕಾಯಿಲೆಯನ್ನು ತಾಳಿಕೊಂಡು ಧ್ಯಾನ ಮುಂದುವರಿಸಬೇಕೆಂಬ ಹಟಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಶಿಷ್ಯ ಗುಣಮುಖರಾದರು. ಅದೇ ವರ್ಷದ ರಮಝಾನಿನಲ್ಲಿ ಗುರುಗಳು ಅಲ್ಲಾಹನ ಕರೆಗೆ ಓಗೊಟ್ಟರು. ಮೂವತ್ತೈದು ವರ್ಷದ ಸಯ್ಯಿದ್ ಮುಹಮ್ಮದರ ಮೇಲೆ ಜನರಿಗೆ ದಾರಿ ತೋರುವ ಹೊಣೆ ಬಿತ್ತು.

ಮುಂದೆ ನಲವತ್ತರ ವಯಸ್ಸಿನಲ್ಲಿ, ತಾಯಿಯ ಒತ್ತಾಯಕ್ಕೆ ಮಣಿದು ಮದುವೆಯಾದರು. ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಇಲ್ಲಿಯೂ ನಮಗೊಂದು ಪಾಠವಿದೆ. ತಾಯಿಯ ಮಾತು, ಹೆಂಡತಿಯ ಹಕ್ಕು, ಮಕ್ಕಳ ಪಾಲನೆ ಇವುಗಳನ್ನು ಅವರು ಸಾಧನೆಯ ಶತ್ರುಗಳೆಂದು ತಿಳಿಯಲಿಲ್ಲ. ಅವನ್ನೂ ಅದೇ ದಾರಿಯ ಮೆಟ್ಟಿಲುಗಳಾಗಿ ಸ್ವೀಕರಿಸಿದರು.

ಎಂಬತ್ತರ ಹೊಸ್ತಿಲಲ್ಲಿ ದಕ್ಷಿಣದ ಹಾದಿ

1398ರ ಡಿಸೆಂಬರಿನಲ್ಲಿ ತೈಮೂರನ ಸೈನ್ಯ ದೆಹಲಿಯ ಬಾಗಿಲಿಗೆ ಬಂತು. ನಾಲ್ಕು ದಶಕಗಳಿಂದ ಬೋಧನೆ ಮಾಡುತ್ತಿದ್ದ ಊರನ್ನು, ಎಪ್ಪತ್ತೇಳನೆಯ ವಯಸ್ಸಿನಲ್ಲಿ, ಕುಟುಂಬ ಸಮೇತ ತೊರೆಯಬೇಕಾಯಿತು. ಗ್ವಾಲಿಯರ್, ಚಂದೇರಿ, ಬರೋಡಾ, ಖಂಬಾತ್ ದಾಟಿ, ಬಾಲ್ಯದ ದೌಲತಾಬಾದಿಗೆ ಬಂದು, ತಂದೆಯ ಗೋರಿಯನ್ನು ಕಂಡು, ಕೊನೆಗೆ 1400ರ ಸುಮಾರಿಗೆ ಬಹಮನಿ ರಾಜಧಾನಿ ಗುಲ್ಬರ್ಗಾಕ್ಕೆ, ಇಂದಿನ ಕಲಬುರಗಿಗೆ, ತಲುಪಿದರು. ಮನೆ ಬಿಟ್ಟು, ಊರು ಬಿಟ್ಟು, ವೃದ್ಧಾಪ್ಯದಲ್ಲಿ ಬಹುದೂರ ಅಲೆದವರ ಆರಾಧನೆ ಏನಾಗಿರಬಹುದು? ಒಂದೇ ಕೊಠಡಿ, ಒಂದೇ ಚಾಪೆಗೆ ಅಂಟಿಕೊಂಡ ಸಾಧನೆಯಾಗಿದ್ದರೆ ದಾರಿಯಲ್ಲೇ ಚದುರಿಹೋಗುತ್ತಿತ್ತು. ಅರವತ್ತು ವರ್ಷಗಳಿಂದ ದಿನದಿನವೂ ಬೇರು ಬಿಟ್ಟಿದ್ದುದರಿಂದ ಅದು ಅವರೊಂದಿಗೇ ಬಂತು.

ಕಲಬುರಗಿಯಲ್ಲಿ ಸುಲ್ತಾನ್ ಫಿರೋಝ್ ಶಾಹ್ ಬಹಮನಿ ಅವರನ್ನು ಗೌರವದಿಂದ ಬರಮಾಡಿಕೊಂಡನು. ಬೇರೆಯವರಾಗಿದ್ದರೆ ಇನ್ನು ವಿಶ್ರಾಂತಿ ಎನ್ನುತ್ತಿದ್ದರು. ಅವರು ಮಾತ್ರ ನಮಾಝುಗಳ ನಡುವಿನ ಹೊತ್ತನ್ನು ಹಂಚಿಕೊಂಡು ಹದೀಸ್, ಫಿಕ್ಹ್, ಆತ್ಮ ಸಂಸ್ಕರಣೆಯ ವಿಷಯಗಳನ್ನು ಕಲಿಸುತ್ತಿದ್ದರು. ಗ್ರಂಥಗಳನ್ನು ಹೇಳಿ ಬರೆಸುತ್ತಿದ್ದರು. ಶಿಷ್ಯರ ನಡವಳಿಕೆಯ ಬಗ್ಗೆ ಬರೆದ ಖಾತಿಮಾ ಎಂಬ ಕೃತಿಯಲ್ಲಿ ಸಾಧಕನ ದಿನಚರಿಗೆ ನಿಯಮಗಳನ್ನು ಹಾಕಿಕೊಟ್ಟರು. ಅವರ ಮಾತುಗಳನ್ನು ಹಿರಿಯ ಮಗ ಸಯ್ಯಿದ್ ಅಕ್ಬರ್ ಹುಸೈನಿ ಜವಾಮಿಉಲ್ ಕಲಿಮ್ ಎಂಬ ಗ್ರಂಥದಲ್ಲಿ ಸಂಗ್ರಹಿಸಿದರು. ಆ ಮಗ ತಂದೆಗಿಂತ ಮೊದಲೇ ತೀರಿಕೊಂಡಾಗ ತೊಂಬತ್ತರ ಸಮೀಪದಲ್ಲಿದ್ದ ಆ ಹಿರಿಯರು ಅದನ್ನೂ ಸಹಿಸಿದರು.

ಕ್ರಮೇಣ ಸುಲ್ತಾನನೊಂದಿಗೆ ಮನಸ್ತಾಪ ಬೆಳೆಯಿತು. ಕೋಟೆಯ ಬಳಿಯ ಅವರ ಖಾನ್‌ಖಾಹ್‌ನಲ್ಲಿ ಸೇರುವ ಜನಸಂದಣಿ ಅರಮನೆಗೆ ಹಿಡಿಸಲಿಲ್ಲ. ಅವರು ಜಾಗ ಬಿಟ್ಟು ಊರಿನ ಇನ್ನೊಂದು ಕಡೆಗೆ ಹೋದರು. ಇಂದು ಅವರ ಗೋರಿಯಿರುವುದು ಆ ಜಾಗದಲ್ಲೇ. 1422ರ ನವೆಂಬರ್ 1ರಂದು, ಹಿಜರಿ 825ರ ಝುಲ್‌ಖಅದ ತಿಂಗಳ 16ರಂದು, ಅವರು ಇಹಲೋಕ ತ್ಯಜಿಸಿದರು. ಸೌರ ಲೆಕ್ಕದಲ್ಲಿ ನೂರೊಂದು ವರ್ಷ, ಚಾಂದ್ರ ಲೆಕ್ಕದಲ್ಲಿ ನೂರನಾಲ್ಕು ವರ್ಷದ ಬದುಕು. ಒಂದು ಸಣ್ಣ ಇಶ್ರಾಕ್ ನಮಾಝಿನಿಂದ ಆರಂಭವಾದ ನಡಿಗೆ ಎಂಬತ್ತೈದು ವರ್ಷಕ್ಕೂ ಹೆಚ್ಚು ಕಾಲ ನಿಲ್ಲದೆ ಸಾಗಿತ್ತು.

ಮೂಲ ಮಾದರಿ ಮದೀನಾದಲ್ಲಿದೆ

ಇದು ಸೂಫಿಗಳು ಹೊಸದಾಗಿ ಕಂಡುಹಿಡಿದ ಕ್ರಮವೆಂದು ಯಾರೂ ಭಾವಿಸಬೇಕಾಗಿಲ್ಲ. ಪ್ರವಾದಿವರ್ಯರ(ಸ) ಕಾಲದಲ್ಲಿ ಹಝ್ರತ್ ಅಬ್ದುಲ್ಲಾ ಬಿನ್ ಅಮ್ರ್(ರ) ಎಂಬ ತರುಣ ಸಹಾಬಿಯಿದ್ದರು. ಅವರು ದಿನವೂ ಉಪವಾಸ ಇರುತ್ತಿದ್ದರು, ಪ್ರತಿ ರಾತ್ರಿ ಇಡೀ ಕುರ್‌ಆನ್ ಓದುತ್ತಿದ್ದರು. ಹೊಸದಾಗಿ ಮದುವೆಯಾದ ಹೆಂಡತಿಯ ಕಡೆ ತಿರುಗಿಯೂ ನೋಡಲಿಲ್ಲ. ಅವರ ತಂದೆಯೇ ಹೋಗಿ ಪ್ರವಾದಿವರ್ಯರಿಗೆ(ಸ) ತಿಳಿಸಿದರು. ಪ್ರವಾದಿವರ್ಯರು(ಸ) ಅವರನ್ನು ಕರೆಸಿ, ದೇಹಕ್ಕೂ ಕಣ್ಣಿಗೂ ಹೆಂಡತಿಗೂ ಅತಿಥಿಗೂ ಹಕ್ಕುಗಳಿವೆಯೆಂದು ತಿಳಿಹೇಳಿದರು. ತಿಂಗಳಿಗೆ ಮೂರು ಉಪವಾಸ ಸಾಕೆಂದರು. ತರುಣ ಇನ್ನೂ ಹೆಚ್ಚು ಬೇಕೆಂದು ಪಟ್ಟು ಹಿಡಿದಾಗ, ಕೊನೆಗೆ ಒಂದು ದಿನ ಬಿಟ್ಟು ಒಂದು ದಿನದ ಪ್ರವಾದಿ ದಾವೂದರ(ಅ) ಉಪವಾಸಕ್ಕೆ ನಿಲ್ಲಿಸಿದರು. ಕುರ್‌ಆನ್ ಪಾರಾಯಣವನ್ನೂ ಒಂದು ತಿಂಗಳಿಂದ ಆರಂಭಿಸಿ ಏಳು ದಿನಕ್ಕೆ ಮಿತಿಗೊಳಿಸಿದರು.

ಆ ಸಹಾಬಿ ಮುದುಕರಾದರು. ಬಲ ಕುಂದಿತು. ಪ್ರವಾದಿವರ್ಯರ(ಸ) ಮುಂದೆ ಒಪ್ಪಿಕೊಂಡದ್ದನ್ನು ಬಿಡಲು ಮನಸ್ಸು ಬಾರದು; ಮಾಡಲು ದೇಹ ಒಪ್ಪದು. ರಾತ್ರಿಯ ಓದು ಹಗುರವಾಗಲೆಂದು ಅದರ ಭಾಗವನ್ನು ಹಗಲಿನಲ್ಲೇ ಮನೆಯವರಿಗೆ ಓದಿ ಒಪ್ಪಿಸುತ್ತಿದ್ದರು. ಬಲ ಬೇಕಾದಾಗ ಕೆಲವು ದಿನ ಉಪವಾಸ ಬಿಟ್ಟು, ಲೆಕ್ಕವಿಟ್ಟು ಆಮೇಲೆ ತೀರಿಸುತ್ತಿದ್ದರು. ಅಂದು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸಿದ್ದರೆ ಚೆನ್ನಾಗಿತ್ತೆಂದು ಹಲುಬುತ್ತಿದ್ದರು. ಯೌವನದ ಬಲವನ್ನೇ ಶಾಶ್ವತವೆಂದು ನಂಬಿ ಹೊರೆ ಹೊರುವವರು ಈ ಹಲುಬುವಿಕೆಯನ್ನು ಕಿವಿಗೊಟ್ಟು ಕೇಳಬೇಕು.

ಮಸೀದಿಯ ಎರಡು ಕಂಬಗಳ ನಡುವೆ ಹಗ್ಗ ಕಟ್ಟಿದ್ದನ್ನು ಪ್ರವಾದಿವರ್ಯರು(ಸ) ಕಂಡ ಪ್ರಸಂಗವೂ ಇದೆ. ನಮಾಝಿನಲ್ಲಿ ದಣಿದಾಗ ಹಿಡಿದು ನಿಲ್ಲಲು ಹಝ್ರತ್ ಝೈನಬ್(ರ) ಕಟ್ಟಿದ್ದೆಂದು ತಿಳಿದಾಗ ಅದನ್ನು ಬಿಚ್ಚಿಸಿದರು. ಚೈತನ್ಯವಿರುವಷ್ಟು ಹೊತ್ತು ನಮಾಝ್ ಮಾಡಿ, ದಣಿದರೆ ಕುಳಿತುಕೊಳ್ಳಬೇಕೆಂದರು. ನಿದ್ದೆ ತೂಗುವಾಗ ನಮಾಝ್ ಮುಂದುವರಿಸದೆ ಮಲಗಬೇಕೆಂದೂ ಕಲಿಸಿದರು. ಅವರ ಸ್ವಂತ ಇಅತಿಕಾಫ್ ಕೂಡ ಹೀಗೆಯೇ ಹದವಾಗಿತ್ತು. ಹಝ್ರತ್ ಸಫಿಯ್ಯಾ(ರ) ಮಸೀದಿಗೆ ಬಂದು ಮಾತಾಡಿಸಿದರೆ, ಎದ್ದು ಬಾಗಿಲವರೆಗೆ ಕಳುಹಿಸಿಕೊಟ್ಟರು. ಹಝ್ರತ್ ಆಯಿಶಾ(ರ) ಅವರ ತಲೆ ಬಾಚುತ್ತಿದ್ದರು. ಕುರ್‌ಆನ್ ಕೂಡ ಒಂದೇ ಬಾರಿಗೆ ಇಳಿಯಲಿಲ್ಲ. ಸುಮಾರು 23 ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಅವತೀರ್ಣವಾಯಿತು.

ನಮ್ಮ ಹೊಲವೇ ಕಲಿಸುವ ಪಾಠ

ನೀವು ಈ ಭಾಗದವರಾದರೆ ಇದನ್ನು ಪುಸ್ತಕದಿಂದ ಕಲಿಯಬೇಕಾಗಿಯೇ ಇಲ್ಲ. ಜಗಳೂರಿನ ರೈತನನ್ನು ಕೇಳಿರಿ. ಬೋರ್‌ವೆಲ್ ಮೋಟಾರನ್ನು ಇಡೀ ದಿನ ಓಡಿಸಿದರೆ ಸಂಜೆಗೆ ನೀರಿನ ಬದಲು ಗಾಳಿ ಬರುತ್ತದೆ. ಎರಡು ಮೂರು ಗಂಟೆ ಓಡಿಸಿ, ನಿಲ್ಲಿಸಿ, ನೀರು ಊರಲು ಬಿಟ್ಟರೆ ನಾಳೆಯೂ ನೀರುಂಟು. ನ್ಯಾಮತಿ, ಹೊನ್ನಾಳಿಯ ಮೆಕ್ಕೆಜೋಳದ ಬೆಳೆಗಾರರು ಯೂರಿಯಾವನ್ನು ಒಂದೇ ಸಲ ಸುರಿಯುವುದಿಲ್ಲ. ಎರಡು ಮೂರು ಕಂತಿನಲ್ಲಿ ಕೊಡುತ್ತಾರೆ. ಚನ್ನಗಿರಿಯ ಅಡಿಕೆ ತೋಟದವರಿಗೆ ಗೊತ್ತು, ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಸೂಳೆಕೆರೆ ತುಂಬಿದೆಯೆಂದು ಒಂದೇ ದಿನ ತೂಬನ್ನು ಪೂರ್ತಿ ಎತ್ತಿದರೆ ಹತ್ತಿರದ ಗದ್ದೆ ಕೊಚ್ಚಿಹೋಗುತ್ತದೆ, ಕೊನೆಯ ಗದ್ದೆಗೆ ಬೇಸಿಗೆಯಲ್ಲಿ ಹನಿಯೂ ಸಿಗುವುದಿಲ್ಲ. ಹೊಲದಲ್ಲಿ ಇಷ್ಟು ವಿವೇಕ ತೋರುವ ನಾವು ಆತ್ಮದ ವಿಷಯದಲ್ಲೇಕೆ ಅವಸರ ಮಾಡಬೇಕು?

ಆದುದರಿಂದ ಮುಂದಿನ ರಮಝಾನಿನಲ್ಲಿ ಇಅತಿಕಾಫ್ ಕುಳಿತುಕೊಳ್ಳುವ ಮೊದಲು, ಶೈಖ್ ನಸೀರುದ್ದೀನರು ಕೇಳಿದ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿರಿ. ಈಗ ನಾನು ದಿನವೂ ತಪ್ಪದೆ ಮಾಡುತ್ತಿರುವುದು ಏನು? ಅರ್ಧ ಪುಟ ಓದುತ್ತಿದ್ದೀರಾ? ಅಲ್ಲಿಂದಲೇ ಆರಂಭವಾಗಲಿ. ಇಅತಿಕಾಫಿನಲ್ಲಿ ದಿನಕ್ಕೆ ಒಂದು ಜುಝ್ ಓದಬೇಕೆಂದರೆ, ಹದಿನೈದು ಸಾಲಿನ ಮುಸ್‌ಹಫಿನಲ್ಲಿ ಅದು ಸುಮಾರು 20 ಪುಟ. ಐದು ನಮಾಝುಗಳ ನಂತರ ನಾಲ್ಕು ನಾಲ್ಕು ಪುಟದಂತೆ ಹಂಚಿದರೆ ಭಾರವೆನಿಸುವುದಿಲ್ಲ. ತರಾವೀಹ್ ಮುಗಿದ ಮೇಲೆ ಮಾತಿಗೆ ಕುಳಿತುಕೊಳ್ಳದೆ ಮಲಗಿರಿ. ರಾತ್ರಿಯ ಕೊನೆಯ ಭಾಗದಲ್ಲಿ ಏಳಿರಿ. ಮಧ್ಯಾಹ್ನ ಸ್ವಲ್ಪ ಹೊತ್ತು ಕಣ್ಣು ಮುಚ್ಚುವುದು ಸೋಮಾರಿತನವಲ್ಲ, ಅದು ಸುನ್ನತ್. ಮೌನವಾಗಿ ಕುಳಿತು ಅಲ್ಲಾಹನನ್ನು ಸ್ಮರಿಸುವ ಅಭ್ಯಾಸವಿಲ್ಲದವರು ಮೊದಲ ದಿನ ಹತ್ತು ನಿಮಿಷ ಕುಳಿತರೆ ಸಾಕು. ಅದು ಹಿಡಿಸಿದ ಮೇಲೆ ಹೆಚ್ಚಿಸಿರಿ. ಕೊನೆಯ ಬೆಸ ರಾತ್ರಿಗಳಿಗೆ ಬಲ ಉಳಿದಿರಲಿ.

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವ ಹಿರಿಯರು ವೈದ್ಯರನ್ನು ಕೇಳದೆ ಔಷಧಿಯನ್ನು ಬಿಡಬಾರದು. ಇನ್ನೊಂದು ಮಾತು. ನಿದ್ದೆಗೆಟ್ಟು ಹೆಚ್ಚು ಹೊತ್ತು ಏಕಾಂತದಲ್ಲಿ ಕುಳಿತವರಿಗೆ ಕೆಲವೊಮ್ಮೆ ಕಾರಣವಿಲ್ಲದ ಭಯ, ಗಾಬರಿ, ಇಲ್ಲದ ಸದ್ದು ಕೇಳಿಸುವುದು ಮುಂತಾದ ಅನುಭವಗಳಾಗುವುದುಂಟು. ಅದನ್ನು ಮೇಲಿನ ದರ್ಜೆಯ ಗುರುತೆಂದು ನಂಬಿ ಮುಂದುವರಿಸಬೇಡಿರಿ. ಆ ಕ್ಷಣವೇ ನಿಲ್ಲಿಸಿ, ಊಟ ಮಾಡಿ, ನಿದ್ದೆ ಮಾಡಿರಿ. ಮನೆಯವರಿಗೂ ತಿಳಿವಳಿಕೆಯುಳ್ಳ ಆಲಿಮರಿಗೂ ತಿಳಿಸಿರಿ. ಕಡಿಮೆಯಾಗದಿದ್ದರೆ ವೈದ್ಯರ ಬಳಿ ಹೋಗಲು ನಾಚಬೇಡಿರಿ. ಬಂದೇ ನವಾಝರಂಥವರಿಗೇ ಕಾಯಿಲೆಯಲ್ಲಿ ಆರೈಕೆ ಬೇಕಾಯಿತು, ನಾವು ಎಷ್ಟರವರು?

ಹಬ್ಬದ ಚಂದ್ರ ಕಂಡು ಪರದೆ ಬಿಚ್ಚಿ ಮನೆಗೆ ಬರುವಾಗ ಹತ್ತು ದಿನಗಳ ಇಡೀ ಹೊರೆಯನ್ನು ಹೊತ್ತು ತರಲು ಪ್ರಯತ್ನಿಸಬೇಡಿರಿ. ಒಂದೇ ಒಂದನ್ನು ಆರಿಸಿಕೊಳ್ಳಿರಿ. ಎರಡು ರಕಅತ್ ಇಶ್ರಾಕ್ ಆಗಬಹುದು, ದಿನಕ್ಕೊಂದು ಪುಟ ಕುರ್‌ಆನ್ ಆಗಬಹುದು, ಸಿಟ್ಟು ಬಂದಾಗ ನಾಲಿಗೆಯನ್ನು ಹಿಡಿಯುವ ಅಭ್ಯಾಸವಾಗಬಹುದು. ಮುಂದಿನ ರಮಝಾನಿನವರೆಗೆ ಅದು ಉಳಿದರೆ ನಿಮ್ಮ ಇಅತಿಕಾಫ್ ಫಲ ಕೊಟ್ಟಿದೆಯೆಂದು ನಂಬಿರಿ. ಸಣ್ಣದಾದರೂ ನಿರಂತರವಾಗಿರುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಮುಂದೆ ಎಂದಾದರೂ ಕಲಬುರಗಿಗೆ ಹೋಗಿ ಆ ದೊಡ್ಡ ಗುಮ್ಮಟವನ್ನು ಕಂಡಾಗ, ಅದರ ಎತ್ತರವನ್ನು ಮಾತ್ರ ನೋಡಿ ಬರಬೇಡಿರಿ. ಆ ಎತ್ತರದ ಹಿಂದೆ, ಫಝ್ರಿನ ವುಝೂ ಸೂರ್ಯೋದಯದವರೆಗೆ ಉಳಿದಿದೆಯೇ ಎಂಬ ಒಂದು ಪುಟ್ಟ ಪ್ರಶ್ನೆಯಿತ್ತೆಂಬುದನ್ನು ನೆನೆಯಿರಿ. ನಾಳೆ ಬೆಳಿಗ್ಗೆ ಆ ಪ್ರಶ್ನೆ ನಿಮಗೂ ಎದುರಾಗಲಿದೆ.

ಅಲ್ಲಾಹನು ನಮ್ಮ ಸಣ್ಣ ಕರ್ಮಗಳನ್ನು ಸ್ವೀಕರಿಸಿ, ಅವುಗಳಲ್ಲಿ ಸ್ಥಿರತೆಯನ್ನು ಅನುಗ್ರಹಿಸಲಿ. ಆಮೀನ್.